ಮಳೆ ಹಿಡಿಯುವ ಮುಂಚೆ ಬಡಾವಣೆಯಲ್ಲೊಂದು ಕಲಾಹಬ್ಬ: ಶಿವಮೊಗ್ಗದವರಿಗೆ ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

ಏಪ್ರಿಲ್ ಬಂತು ಅಂದ್ರೆ ಶಿವಮೊಗ್ಗದಲ್ಲಿ ಮಕ್ಕಳಿಗೆ ರಜೆ, ದೊಡ್ಡವರಿಗೆ ಸೆಕೆ, ಸಂಜೆಗೆ ಗುಡುಗು. ಬಡಾವಣೆಯ ಜನ ಸೇರಿ ಒಂದು ಕಲಾಹಬ್ಬ ಮಾಡುವುದಕ್ಕೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ನಾವು ಇದನ್ನು ಐದು ವರ್ಷ ಮಾಡಿದ್ದೇವೆ. ಮೊದಲ ವರ್ಷ ಹೊರಗಿನಿಂದ ಆರ್ಕೆಸ್ಟ್ರಾ ಕರೆಸಿದೆವು. ಜನ ಬಂದರು, ಕೇಳಿದರು, ಎದ್ದು ಹೋದರು. ಎರಡನೇ ವರ್ಷ ನಮ್ಮದೇ ಬೀದಿಯ ಇಪ್ಪತ್ತೆರಡು ಮಕ್ಕಳ ನಾಟಕ ಇಟ್ಟೆವು. ಆರು ಗಂಟೆಗೇ ಅಜ್ಜಿಯರು ಬಂದು ಮುಂದಿನ ಸಾಲು ಹಿಡಿದರು. ಆಟ ಮುಗಿದ ಮೇಲೂ ಒಂಬತ್ತೂವರೆ ತನಕ ಯಾರೂ ಮನೆಗೆ ಹೋಗಲಿಲ್ಲ.

ಅವತ್ತಿನಿಂದ ನಮ್ಮದು ಒಂದೇ ಲೆಕ್ಕ. ಬಡಾವಣೆಯ ಪ್ರತಿ ಮನೆಯ ಒಬ್ಬರಿಗಾದರೂ ಹಬ್ಬದಲ್ಲಿ ಒಂದು ಕೆಲಸ ಇರಬೇಕು. ಹಾಡುವುದೋ, ಕುರ್ಚಿ ಹಾಕುವುದೋ, ಮಜ್ಜಿಗೆ ಕಡೆಯುವುದೋ, ಏನಾದರೂ ಸರಿ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಲೆಕ್ಕ ಹಿಡಿದೇ ಬಂದಿವೆ.

1. ದಿನ ಗೊತ್ತು ಮಾಡುವುದು (ಜನವರಿ)

ಮೊದಲು ಕ್ಯಾಲೆಂಡರ್ ಇಟ್ಟುಕೊಂಡು ಕೂರಿ. ಮಕ್ಕಳ ಪರೀಕ್ಷೆ ಮುಗಿದಿರಬೇಕು, ಮಳೆ ಜಾಸ್ತಿ ಆಗಿರಬಾರದು. ಈ ಎರಡರ ನಡುವೆ ಸಿಗುವ ಜಾಗ ಸಣ್ಣದು. ಏಪ್ರಿಲ್ 27ರ ಹೊತ್ತಿಗೆ ಭರಣಿ ಮಳೆ ಹುಟ್ಟುತ್ತದೆ, ಮೇ 11ರ ಸುಮಾರಿಗೆ ಕೃತ್ತಿಕೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅಂತ ಗಾದೆ ಇದೆ. ರೈತರಿಗೆ ಒಳ್ಳೆಯದು, ಶಾಮಿಯಾನದ ಕೆಳಗೆ ಕೂತವರಿಗೆ ಕಷ್ಟ. ನನ್ನನ್ನು ಕೇಳಿದರೆ ಏಪ್ರಿಲ್ ಮೂರನೇ ವಾರದ ಶುಕ್ರವಾರ ಸಂಜೆ, ಶನಿವಾರ ಸಂಜೆ, ಭಾನುವಾರ ಬೆಳಿಗ್ಗೆ ಸಾಕು. ಐದು ದಿನ, ಏಳು ದಿನ ಅಂತ ಆಸೆ ಮಾಡಬೇಡಿ. ಮೂರನೇ ದಿನದಿಂದ ಕೆಲಸ ಮಾಡುವ ಕೈಗಳೇ ಕಡಿಮೆ ಆಗುತ್ತವೆ.

ಇನ್ನೂ ಕೆಲವು ನೋಡಿಕೊಳ್ಳಿ. ಚುನಾವಣೆಯ ವರ್ಷವಾದರೆ ನೀತಿ ಸಂಹಿತೆ ಬಂದು ಅನುಮತಿ ಕೆಲಸ ನಿಧಾನವಾಗುತ್ತದೆ. 2023ರ ವಿಧಾನಸಭಾ ಮತದಾನ ಮೇ 10ಕ್ಕೆ ಇತ್ತು, 2024ರಲ್ಲಿ ಶಿವಮೊಗ್ಗದ ಲೋಕಸಭಾ ಮತದಾನ ಮೇ 7ಕ್ಕೆ. ಎರಡೂ ಸರಿಯಾಗಿ ಈ ಹೊತ್ತಿಗೇ. ಹತ್ತಿರದ ದೇವಸ್ಥಾನದ ತೇರು, ಮಸೀದಿಯ ಉರುಸು, ಚರ್ಚಿನ ಹಬ್ಬ ಯಾವಾಗ ಅಂತ ಆಯಾ ಕಡೆಯ ಹಿರಿಯರನ್ನೇ ಹೋಗಿ ಕೇಳಿ. ಹಾಗೆ ಕೇಳಲು ಹೋದಾಗಲೇ ನಮಗೆ ಅರ್ಧ ಜನ ಸಿಕ್ಕಿದ್ದು. ಕ್ರಿಕೆಟ್ ಸೀಸನ್ ಕೂಡ ಇದೇ ಕಾಲ. ಸಂಜೆಯ ಪಂದ್ಯ 7.30ಕ್ಕೆ ಶುರುವಾಗುತ್ತದೆ. ಹುಡುಗರು ಬೇಕು ಅಂದ್ರೆ ಅಷ್ಟರೊಳಗೆ ಅವರ ಕೈಗೆ ಒಂದು ಕೆಲಸ ಕೊಟ್ಟಿರಬೇಕು.

2. ಏಳು ಜನ, ಒಂದು ನೋಟ್‌ಬುಕ್

ಸಮಿತಿ ದೊಡ್ಡದಾದಷ್ಟೂ ಮಾತು ಜಾಸ್ತಿ. ಏಳು ಜನ ಸಾಕು: ದುಡ್ಡಿಗೆ ಒಬ್ಬರು, ಅನುಮತಿಗೆ ಒಬ್ಬರು, ಕಲಾವಿದರ ಜೊತೆ ಮಾತಿಗೆ ಒಬ್ಬರು, ವೇದಿಕೆಗೆ ಒಬ್ಬರು, ಊಟ-ನೀರಿಗೆ ಒಬ್ಬರು, ಮಕ್ಕಳ ಶಿಬಿರಕ್ಕೆ ಒಬ್ಬರು, ಮನೆ ಮನೆ ತಿರುಗುವ ಕೆಲಸ ನೋಡಿಕೊಳ್ಳಲು ಒಬ್ಬರು. ಇವರಲ್ಲಿ ಕನಿಷ್ಠ ಮೂವರು ಹೆಂಗಸರಿರಲಿ, ಇಬ್ಬರು ಇಪ್ಪತ್ತೈದರ ಒಳಗಿನವರಿರಲಿ. ಮುಂದೆ ಸಂಘ ಮಾಡಿ ನೋಂದಣಿ ಮಾಡಿಸುವ ಯೋಚನೆ ಇದ್ದರೂ ಏಳು ಜನ ಬೇಕೇ ಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ ಸಂಖ್ಯೆ ಅದು. ಮೊದಲ ವರ್ಷ ನೋಂದಣಿ ಇಲ್ಲದೆಯೂ ನಡೆಯುತ್ತದೆ.

ಈಗ ಮನೆ ಮನೆಗೆ ಹೋಗಿ. ವಾಟ್ಸಾಪ್ ಗ್ರೂಪಿನಲ್ಲಿ ಹಾಕಿ ಸುಮ್ನೆ ಕೂತರೆ ಹೆಬ್ಬೆರಳಿನ ಚಿತ್ರ ಮಾತ್ರ ಬರುತ್ತದೆ. ಸಂಜೆ ಆರರಿಂದ ಎಂಟರ ತನಕ, ಇಬ್ಬಿಬ್ಬರಾಗಿ, ಕೈಯಲ್ಲಿ ನೋಟ್‌ಬುಕ್ ಹಿಡಿದು ಹೋಗಿ. ಮೊದಲ ಸುತ್ತಿನಲ್ಲಿ ದುಡ್ಡು ಕೇಳಲೇಬೇಡಿ. ಕೇಳಬೇಕಾದ್ದು ಒಂದೇ ಪ್ರಶ್ನೆ: ‘ನಿಮ್ಮ ಮನೆಯಲ್ಲಿ ಯಾರಿಗೆ ಏನು ಬರುತ್ತೆ?’

ಉತ್ತರ ಕೇಳಿ ನಾವೇ ದಂಗಾದೆವು. ಪಕ್ಕದ ಕ್ರಾಸಿನಲ್ಲಿ ಹದಿನೈದು ವರ್ಷದಿಂದ ಇದ್ದ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಮದ್ದಲೆ ನುಡಿಸುತ್ತಾರೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ‘ಯಾರೂ ಕೇಳ್ಲೇ ಇಲ್ವಲ್ಲ ಮಾರಾಯ್ರೆ’ ಅಂದರು. ಒಳಗೆ ಹೋಗಿ, ಅಟ್ಟದಿಂದ ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದ ಮದ್ದಲೆ ಇಳಿಸಿ, ಹಾಲ್‌ನಲ್ಲೇ ಕೂತು ಬೆರಳಾಡಿಸಿದರು. ಆ ಒಂದು ನೋಟ್‌ಬುಕ್ಕಿನಿಂದಲೇ ನಮ್ಮ ಮುಂದಿನ ನಾಲ್ಕು ವರ್ಷದ ಕಾರ್ಯಕ್ರಮ ಹುಟ್ಟಿತು.

3. ಜಾಗ ಮತ್ತು ಅನುಮತಿ (ಫೆಬ್ರವರಿ)

ಕುವೆಂಪು ರಂಗಮಂದಿರದಂಥ ಸಭಾಂಗಣದಲ್ಲಿ ಬೆಳಕು, ಧ್ವನಿ, ಮಳೆಯ ಚಿಂತೆ ಕಡಿಮೆ. ಆದರೆ ಬಡಾವಣೆಯ ಅಜ್ಜ ಅಜ್ಜಿ ಅಲ್ಲಿಗೆ ನಡೆದು ಬರುವುದಿಲ್ಲ. ಹಾಗಾಗಿ ನನ್ನ ಮತ ಪಾರ್ಕಿಗೆ ಅಥವಾ ಶಾಲೆಯ ಅಂಗಳಕ್ಕೆ. ಎರಡರಲ್ಲಿ ಆಯ್ಕೆ ಇದ್ದರೆ ಶಾಲೆಯೇ ಒಳ್ಳೆಯದು. ಶೌಚಾಲಯ ಇರುತ್ತದೆ, ಮಳೆ ಬಂದರೆ ನುಗ್ಗಲು ಕಾರಿಡಾರ್ ಇರುತ್ತದೆ.

ಅರ್ಜಿಗಳು ಹೀಗೆ. ಪಾರ್ಕ್ ಅಥವಾ ರಸ್ತೆ ಬೇಕಿದ್ದರೆ ಮಹಾನಗರ ಪಾಲಿಕೆಗೆ, ಶಾಲೆಯಾದರೆ ಮುಖ್ಯ ಶಿಕ್ಷಕರ ಮೂಲಕ ಶಿಕ್ಷಣ ಇಲಾಖೆಗೆ. ಧ್ವನಿವರ್ಧಕಕ್ಕೆ ಮತ್ತು ಜನ ಸೇರುವುದಕ್ಕೆ ನಿಮ್ಮ ಪೊಲೀಸ್ ಠಾಣೆಗೆ. ತಾತ್ಕಾಲಿಕ ವಿದ್ಯುತ್ ಸಂಪರ್ಕಕ್ಕೆ ಮೆಸ್ಕಾಂಗೆ. ಪ್ರತಿ ಅರ್ಜಿಗೂ ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಬನ್ನಿ. ಒಂದು ವರ್ಷ ಮುದ್ರೆ ಇಲ್ಲದ ಪ್ರತಿ ಹಿಡಿದು ಮೂರು ಸಲ ಅಲೆದಿದ್ದೇವೆ.

ಧ್ವನಿಯ ನಿಯಮ ಬಾಯಿಪಾಠ ಇರಲಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿ 45. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ತನಕ ನಿಶ್ಶಬ್ದ ವಲಯ ಇರಬಹುದು. ಶಾಲೆಯ ಅಂಗಳ ಹಿಡಿಯುವವರು ಇದನ್ನು ಠಾಣೆಯಲ್ಲೇ ಕೇಳಿ, ಬರಹದಲ್ಲಿ ಸ್ಪಷ್ಟ ಮಾಡಿಕೊಳ್ಳಿ. ನಾವು ಒಂಬತ್ತೂವರೆಗೆ ಮೈಕ್ ಆರಿಸುತ್ತೇವೆ. ಹತ್ತಿರದಲ್ಲಿ ಹಾಸಿಗೆ ಹಿಡಿದವರು, ಹಸುಗೂಸು ಇರುವ ಮನೆಗಳಿಗೆ ಮುಂಚೆಯೇ ಹೋಗಿ ಹೇಳಿ ಬರುತ್ತೇವೆ. ಆಜಾನ್, ಪೂಜೆಯ ಹೊತ್ತನ್ನು ಕಾರ್ಯಕ್ರಮ ಪಟ್ಟಿಯಲ್ಲೇ ವಿರಾಮ ಅಂತ ಬರೆದುಬಿಡುತ್ತೇವೆ. ಆಗ ಮೈಕ್ ನಿಲ್ಲಿಸಿ ಅಂತ ಯಾರೂ ಯಾರನ್ನೂ ಕೇಳುವ ಪ್ರಸಂಗವೇ ಬರುವುದಿಲ್ಲ.

4. ದುಡ್ಡು

ಮನೆಗೆ ಇಷ್ಟೇ ಅಂತ ನಿಗದಿ ಮಾಡಬೇಡಿ. ಕೊಟ್ಟಷ್ಟು ತೆಗೆದುಕೊಳ್ಳಿ, ಹತ್ತು ರೂಪಾಯಿಗೂ ರಸೀದಿ ಹರಿಯಿರಿ. ಅಕ್ಕಿ, ತೆಂಗಿನಕಾಯಿ, ಒಂದು ದಿನದ ಜೀಪು, ಇವನ್ನೂ ರಸೀದಿಯಲ್ಲಿ ಬರೆಯಿರಿ. ಅಂಗಡಿಯವರು ಸಹಾಯ ಮಾಡಿದರೆ ಅವರ ಹೆಸರು ಬಟ್ಟೆಯ ಬ್ಯಾನರಿನಲ್ಲಿ ಬರಲಿ. ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ನಿಷೇಧ ಇದೆ, ಮತ್ತೆ ಬಟ್ಟೆಯ ಮೇಲೆ ಬರೆಯುವ ಕಲಾವಿದರಿಗೆ ಅದೊಂದು ಕೆಲಸವೂ ಆಯಿತು, ಅಲ್ವಾ?

ಖರ್ಚಿನಲ್ಲಿ ಮೊದಲು ಬರೆಯಬೇಕಾದ್ದು ಕಲಾವಿದರ ಸಂಭಾವನೆ. ‘ಊರಿನವರೇ ಅಲ್ವಾ, ಸುಮ್ನೆ ಮಾಡಿಕೊಡ್ತಾರೆ’ ಅನ್ನುವ ಮಾತು ಸಭೆಯಲ್ಲಿ ಬಂದೇ ಬರುತ್ತದೆ. ಒಪ್ಪಬೇಡಿ. ಸೌಂಡಿನವರಿಗೆ, ಶಾಮಿಯಾನದವರಿಗೆ ಪೂರ್ತಿ ದುಡ್ಡು ಕೊಟ್ಟು, ಹಾಡಿದವರಿಗೆ ಶಾಲು ಹೊದೆಸಿ ಕಳಿಸುವುದು ನ್ಯಾಯ ಅಲ್ಲ. ಒಟ್ಟು ದುಡ್ಡಿನಲ್ಲಿ ಹತ್ತನೇ ಒಂದು ಪಾಲು ಮಳೆಗೆ ಅಂತ ಎತ್ತಿಡಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಗೂ ಒಮ್ಮೆ ಹೋಗಿ ಮಾತಾಡಿ, ಆದರೆ ಅಲ್ಲಿಂದ ಬರಬಹುದಾದ ದುಡ್ಡನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ.

5. ಏನೇನು ಇಡಬೇಕು

ಮಲೆನಾಡಿನಲ್ಲಿ ಕಲೆಗೆ ಬರ ಇಲ್ಲ. ಯಾವುದನ್ನು ಎಲ್ಲಿ, ಎಷ್ಟು ಹೊತ್ತಿಗೆ ಇಡಬೇಕು ಅನ್ನುವುದರಲ್ಲಿ ಜನ ತಪ್ಪುತ್ತಾರೆ.

ಶುಕ್ರವಾರ ಸಂಜೆ ಗಮಕದಿಂದ, ಅಂದ್ರೆ ಕಾವ್ಯವನ್ನು ರಾಗವಾಗಿ ಓದುವ ಕಲೆಯಿಂದ ಶುರು ಮಾಡಿ. ತುಂಗಾ ತೀರದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು, ಮತ್ತೂರಿನ ಎದುರು ದಡದಲ್ಲೇ ಇದೆ. ಅಲ್ಲಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕಕ್ಕೆ ಬೇಕಾದ್ದು ಓದುವವರೊಬ್ಬರು, ವ್ಯಾಖ್ಯಾನ ಮಾಡುವವರೊಬ್ಬರು, ಎರಡು ಮೈಕು, ಒಂದು ಜಮಖಾನ. ಕುಮಾರವ್ಯಾಸನ ಒಂದು ಪ್ರಸಂಗ, ಮುಕ್ಕಾಲು ಗಂಟೆ. ಒಂದು ಮನೆಯ ಜಗಲಿಯಲ್ಲೇ ಮಾಡಬಹುದು. ಅದೇ ಜಗಲಿಯಲ್ಲಿ ಆಮೇಲೆ ಕವಿಗೋಷ್ಠಿ ಇಡಿ. ನಮ್ಮ ಊರಲ್ಲಿ ಕನ್ನಡದ ಜೊತೆ ಉರ್ದು, ಕೊಂಕಣಿ, ತಮಿಳು, ಲಂಬಾಣಿ ಮಾತಾಡುವವರೂ ಇದ್ದಾರೆ. ಅವರವರ ಭಾಷೆಯಲ್ಲಿ ಓದಲಿ, ಎರಡು ಸಾಲು ಕನ್ನಡದಲ್ಲಿ ಅರ್ಥ ಹೇಳಲಿ.

ಡೊಳ್ಳನ್ನು ವೇದಿಕೆಗೆ ಹತ್ತಿಸಬೇಡಿ. ಅದು ನೆಲದ ಕುಣಿತ. ಮೂವತ್ತು ಅಡಿ ಅಗಲದ ಜಾಗವನ್ನು ಸುಣ್ಣದ ಗೆರೆಯಲ್ಲಿ ಗುರುತು ಮಾಡಿ, ಜನ ಸುತ್ತ ನಿಲ್ಲಲಿ. ತೇವಕ್ಕೆ ಚರ್ಮ ಸಡಿಲವಾಗಿ ನಾದ ಇಳಿಯುತ್ತದೆ, ಆದ್ದರಿಂದ ವಾದ್ಯ ಇಡಲು ಒಣ ಕೋಣೆ ಬೇಕೇ ಬೇಕು. ಇಪ್ಪತ್ತು ನಿಮಿಷ ಕುಣಿದವರಿಗೆ ಕುಡಿಯಲು ನೀರು ಅಲ್ಲೇ ಪಕ್ಕದಲ್ಲಿರಲಿ, ಹುಡುಕಿಕೊಂಡು ಹೋಗುವಂತೆ ಆಗಬಾರದು.

ಯಕ್ಷಗಾನ ಇಡುವುದಾದರೆ ಒಂದೂವರೆ ಗಂಟೆಯ ಆಟಕ್ಕೆ ಮೊದಲೇ ಭಾಗವತರ ಜೊತೆ ಮಾತಾಡಿ. ಮೇಳಗಳ ತಿರುಗಾಟ ಮಳೆಗಾಲ ಹಿಡಿಯುವ ತನಕ ನಡೆಯುವುದರಿಂದ ಈ ದಿನಗಳಲ್ಲಿ ಕಲಾವಿದರು ಸುಲಭವಾಗಿ ಸಿಗುವುದಿಲ್ಲ, ಫೆಬ್ರವರಿಯಲ್ಲೇ ಹೇಳಿಟ್ಟಿರಬೇಕು. ಚೌಕಿಗೆ, ಅಂದ್ರೆ ಬಣ್ಣ ಹಚ್ಚಿ ವೇಷ ಕಟ್ಟುವ ಕೋಣೆಗೆ, ಒಳ್ಳೆಯ ಬೆಳಕು, ಫ್ಯಾನು, ಕನ್ನಡಿ, ಬೀಗ ಇರುವ ಬಾಗಿಲು ಕೊಡಿ. ವೇಷ ಕಟ್ಟಲು ಎರಡು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ದುಡ್ಡು ಕಡಿಮೆ ಇದ್ದರೆ ತಾಳಮದ್ದಲೆ ಇಡಿ. ವೇಷ ಇಲ್ಲ, ಬರೀ ಹಿಮ್ಮೇಳ ಮತ್ತು ಮಾತು. ನಮ್ಮ ಕಂಡಕ್ಟರ್ ಮಾವ ಮದ್ದಲೆಗೆ ಕೂತದ್ದು ಅಲ್ಲೇ.

ನಾಟಕ, ಸಿನಿಮಾ ಹಾಡು ಬಳಸುವವರು ಬರೆದವರ ಒಪ್ಪಿಗೆ, ಹಾಡಿನ ಸಾರ್ವಜನಿಕ ಪ್ರದರ್ಶನದ ಪರವಾನಗಿ ಎರಡನ್ನೂ ಮುಂಚೆಯೇ ನೋಡಿಕೊಳ್ಳಿ.

ಇನ್ನು ಸಭಾ ಕಾರ್ಯಕ್ರಮ. ಅದಕ್ಕೆ ಹದಿನೈದು ನಿಮಿಷ, ಅಷ್ಟೇ. ವೇದಿಕೆಯ ಮೇಲೆ ಹನ್ನೆರಡು ಕುರ್ಚಿ, ಹನ್ನೆರಡು ಹಾರ, ಹನ್ನೆರಡು ಭಾಷಣ ಆಗುವಾಗ ಒಳಗೆ ಬಣ್ಣ ಹಚ್ಚಿಕೊಂಡ ಮಕ್ಕಳು ಬೆವರುತ್ತಾ ನಿಂತಿರುತ್ತಾರೆ. ಅತಿಥಿಗಳನ್ನು ಕರೆಯುವಾಗಲೇ ‘ಸರ್, ಮೂರು ನಿಮಿಷ’ ಅಂತ ಹೇಳಿ. ಬೇಸರ ಮಾಡಿಕೊಂಡವರು ನಮಗಂತೂ ಯಾರೂ ಸಿಕ್ಕಿಲ್ಲ.

6. ಮಕ್ಕಳ ಶಿಬಿರ

ಹಬ್ಬಕ್ಕೆ ಜನ ತರುವುದು ಇದೇ. ಪರೀಕ್ಷೆ ಮುಗಿದ ಮಾರನೇ ದಿನದಿಂದ ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆ ತನಕ, ಹತ್ತರಿಂದ ಹನ್ನೆರಡು ದಿನ. ಕಲಿಸುವವರು ಇಲ್ಲಿಯೇ ಸಿಗುತ್ತಾರೆ. ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಂ, 1980ರಿಂದ ರಂಗ ಶಿಕ್ಷಣ ಕೊಡುತ್ತಿದೆ. ನಗರದಲ್ಲೇ ಶಿವಮೊಗ್ಗ ರಂಗಾಯಣ ಇದೆ. ಈ ಎರಡೂ ಕಡೆ ವಿಚಾರಿಸಿದರೆ ಮಕ್ಕಳ ಜೊತೆ ಕೆಲಸ ಮಾಡಿ ಅಭ್ಯಾಸ ಇರುವವರ ದಾರಿ ಗೊತ್ತಾಗುತ್ತದೆ.

ಇಪ್ಪತ್ತೈದು ಮಕ್ಕಳಿಗಿಂತ ಜಾಸ್ತಿ ಬೇಡ. ನಾಟಕ ಅರ್ಧ ಗಂಟೆ ದಾಟಬಾರದು. ಮುಖ್ಯ ಪಾತ್ರ ಒಂದೇ ಇರುವ ಕಥೆ ತೆಗೆದುಕೊಳ್ಳಬೇಡಿ, ಹಿಂಡು ಹಿಂಡಾಗಿ ಬರುವ ಕಾಡುಪ್ರಾಣಿ, ಸಂತೆಯ ಜನ, ಹೊಳೆ ಇರುವಂಥ ಕಥೆ ಆರಿಸಿ. ಪ್ರತಿ ಮಗುವಿಗೂ ಒಂದು ಸಾಲಾದರೂ ಮಾತು ಸಿಗಲಿ. ಆ ಒಂದು ಸಾಲು ಕೇಳಲು ಮನೆಯಿಂದ ನಾಲ್ಕು ಜನ ಬರುತ್ತಾರೆ.

7. ಒಂದು ಗೋಡೆ

ಇದು ನನಗೆ ಎಲ್ಲಕ್ಕಿಂತ ಪ್ರೀತಿಯ ಭಾಗ. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಂಗಸರು ಮದುವೆಗೆ ಗೋಡೆಯ ಮೇಲೆ ಹಸೆ ಬರೆಯುತ್ತಾರೆ, ಭೂಮಿ ಹುಣ್ಣಿಮೆಯ ಬುಟ್ಟಿಗೂ ಚಿತ್ತಾರ ಬರೆಯುತ್ತಾರೆ. ಅವರಲ್ಲಿ ಒಬ್ಬಿಬ್ಬರನ್ನು ಕರೆಸಿ ಮಕ್ಕಳಿಗೆ ಎರಡು ದಿನ ಹಸೆ ಚಿತ್ತಾರ ಹೇಳಿಕೊಡಿಸಿ. ಸಾಗರ ಇಲ್ಲಿಂದ ಸುಮಾರು 70 ಕಿ.ಮೀ. ಆಗುತ್ತದೆ, ಉಳಿಯಲು ಒಂದು ಮನೆ ಗೊತ್ತು ಮಾಡಿರಿ.

ಸೂರಿನ ಕೆಳಗಿರುವ ಗೋಡೆಯನ್ನೇ ಆರಿಸಿ. ಬಯಲು ಗೋಡೆಯಾದರೆ ಒಂದೇ ಮಳೆಗೆ ಹೋಗುತ್ತದೆ. ಹಿಂದಿನ ದಿನ ಕೆಮ್ಮಣ್ಣು ಜರಡಿ ಹಿಡಿದು, ನೆನೆಸಿ, ಬಟ್ಟೆಯಲ್ಲಿ ಸಾರಿಸಿ ಒಣಗಲು ಬಿಡಿ. ಬಿಳಿಗೆ ನೆನೆಸಿ ರುಬ್ಬಿದ ಅಕ್ಕಿ, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು.

ನಮ್ಮಲ್ಲಿಗೆ ಬಂದ ಅಜ್ಜಿ ಯಾವ ಮಗುವಿನ ಕೈಯನ್ನೂ ಹಿಡಿದು ಬರೆಸಲಿಲ್ಲ. ಪಕ್ಕದಲ್ಲಿ ತಾವೊಂದು ಗೆರೆ ಎಳೆದು ಕಾದರು, ಅಷ್ಟೇ. ಒಂಬತ್ತು ವರ್ಷದ ಹುಡುಗಿಯೊಬ್ಬಳ ನಾರು ಮಧ್ಯದಲ್ಲೇ ನಿಂತಿತು. ‘ಕೈ ನಡುಗಿದ್ರೆ ನಡುಗ್ಲಿ ಮಗಾ, ಗೆರೆ ನಿಲ್ಲಿಸ್ಬೇಡ’ ಅಂದರು ಅಜ್ಜಿ. ಹುಡುಗಿ ನಾಲಿಗೆ ಕಚ್ಚಿಕೊಂಡು ಗೋಡೆಯ ಆ ತುದಿ ತನಕ ಎಳೆದಳು. ಆ ಗೆರೆ ಸ್ವಲ್ಪ ಸೊಟ್ಟ, ಇವತ್ತಿಗೂ ಶಾಲೆಯ ಜಗಲಿಯಲ್ಲಿದೆ. ಕೊನೆಗೆ ಗೋಡೆಯ ಮೂಲೆಯಲ್ಲಿ ಬರೆದವರ ಹೆಸರು ಇರಬೇಕು. ಹೇಳಿಕೊಟ್ಟವರ ಹೆಸರು ಎಲ್ಲಕ್ಕಿಂತ ಮೇಲೆ.

8. ವೇದಿಕೆ, ವೈರು, ಮಳೆ

20 ಅಡಿ ಅಗಲ, 16 ಅಡಿ ಆಳ, ಎರಡೂವರೆ ಅಡಿ ಎತ್ತರ ಸಾಕು. ವೇದಿಕೆಯನ್ನು ಮೈದಾನದ ಪೂರ್ವಕ್ಕೆ ಹಾಕಿ. ಏಪ್ರಿಲ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಸುಮಾರು 6.40ಕ್ಕೆ, ಪಶ್ಚಿಮಕ್ಕೆ ಮುಖ ಮಾಡಿ ಕೂತವರ ಕಣ್ಣಿಗೆ ಬಿಸಿಲು ಹೊಡೆಯುತ್ತದೆ. ಹಲಗೆ ಹಾಸಿದ ಮೇಲೆ ಒಬ್ಬರು ಬರಿಗಾಲಲ್ಲಿ ಇಡೀ ವೇದಿಕೆ ನಡೆದು, ಅಂಗೈಯಿಂದ ಸವರಿ ನೋಡಲಿ. ಯಕ್ಷಗಾನದ ಬಡಗುತಿಟ್ಟು ಶೈಲಿಯಲ್ಲಿ ಮಂಡಿ ಹಾಕಿ ತಿರುಗುತ್ತಾರೆ. ಮೇಲೆದ್ದ ಒಂದು ಮೊಳೆ ಸಾಕು, ಕಲಾವಿದರ ಮಂಡಿ ಹೋಗುತ್ತದೆ.

ಚಪ್ಪರಕ್ಕೆ ಅಡಿಕೆ ಸೋಗೆ ಸಿಕ್ಕರೆ ಹಗಲಿಗೆ ತಂಪು. ಆದರೆ ಬೆಂಕಿಗೆ ಹತ್ತಿರ ಬೇಡ, ಅಡುಗೆ ಒಲೆ ದೂರ ಇರಲಿ. ಮರಳಿನ ಬಕೆಟ್ ನಾಲ್ಕು ಇಡಿ.

ಮೂರನೇ ವರ್ಷದ ಶನಿವಾರ ನಮಗೆ ಪಾಠವಾಯಿತು. ಸಂಜೆ ಐದಕ್ಕೆ ಗಾಳಿ ಪೂರ್ತಿ ನಿಂತು ಸೆಕೆ ಒತ್ತುತ್ತಿತ್ತು. ನಾವು ಗಮನಿಸಲಿಲ್ಲ. ಆರೂ ಮುಕ್ಕಾಲಿಗೆ ಒಮ್ಮೆಲೇ ಗಾಳಿ ಬಂತು. ಶಾಮಿಯಾನ ಬಲೂನಿನ ಹಾಗೆ ಉಬ್ಬಿ ಒಂದು ಗಳು ಕಿತ್ತುಕೊಂಡಿತು. ಸೌಂಡಿನವರು ವೈರನ್ನು ಹುಲ್ಲಿನ ಮೇಲೇ ಎಳೆದಿದ್ದರು, ಅದರ ಮೇಲೆ ನೀರು ಹರಿಯುತ್ತಿತ್ತು. ಮೇನ್ ಸ್ವಿಚ್ ಎಲ್ಲಿದೆ ಅಂತ ಗೊತ್ತಿದ್ದದ್ದು ಒಬ್ಬನಿಗೆ, ಅವನು ಬಾಳೆಎಲೆ ತರಲು ಹೋಗಿದ್ದ. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಎರಡು ನಿಮಿಷ ನೆನಪಾದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಮಕ್ಕಳು ಆಮೇಲೆ ಶಾಲೆಯ ಕಾರಿಡಾರಿನಲ್ಲಿ, ಮೈಕಿಲ್ಲದೆ, ಎಮರ್ಜೆನ್ಸಿ ಲೈಟಿನ ಬೆಳಕಲ್ಲಿ ನಾಟಕ ಮಾಡಿದರು.

ಅದಾದ ಮೇಲೆ ನಾವು ಮಾಡಿಕೊಂಡ ಕಟ್ಟಳೆ ಇವು. ವೈರೆಲ್ಲ ತಲೆಗಿಂತ ಎತ್ತರದಲ್ಲಿ, ಜೋಡಣೆಗಳು ನೆಲ ಬಿಟ್ಟು. ಬೋರ್ಡಿಗೆ ಶಾಕ್ ಹೊಡೆಯದಂತೆ ಟ್ರಿಪ್ ಆಗುವ ಸ್ವಿಚ್. ಮೇನ್ ಸ್ವಿಚ್ಚಿನ ಬಳಿ ಒಬ್ಬರು ಕೊನೆ ತನಕ ಕೂತಿರಬೇಕು, ಬದಲಿ ಬರದೆ ಏಳುವಂತಿಲ್ಲ. ಮಧ್ಯಾಹ್ನದಿಂದಲೇ ಇಬ್ಬರ ಫೋನಿನಲ್ಲಿ ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ ಆ್ಯಪ್ ತೆರೆದಿರಲಿ. ಸಂಜೆ ಐದಕ್ಕೆ ‘ಒಳಗೋ ಹೊರಗೋ’ ಅಂತ ನಿರ್ಧಾರ, ಅದನ್ನು ಹೇಳುವವರು ಒಬ್ಬರೇ. ಅವರು ಹೇಳಿದ ಮೇಲೆ ಚರ್ಚೆ ಇಲ್ಲ. ಗುಡುಗು ಶುರುವಾದರೆ ಮರದ ಕೆಳಗೆ, ಶಾಮಿಯಾನದ ಕೆಳಗೆ ಯಾರೂ ನಿಲ್ಲಬಾರದು.

ಮಳೆ ನಿಂತ ಮೇಲೆ ರೆಕ್ಕೆಯ ಮಳೆಹುಳ ದಂಡಾಗಿ ಏಳುತ್ತವೆ, ಹಾಡುವವರ ಬಾಯಿಗೇ ನುಗ್ಗುತ್ತವೆ. ವೇದಿಕೆಯ ದೀಪ ಸ್ವಲ್ಪ ತಗ್ಗಿಸಿ, ಮೈದಾನದ ದೂರದ ಮೂಲೆಯಲ್ಲಿ ಜೋರಾದ ಒಂದು ಬಲ್ಬು ಹಚ್ಚಿ, ಕೆಳಗೆ ನೀರು ತುಂಬಿದ ಅಗಲ ಪಾತ್ರೆ ಇಡಿ. ಹತ್ತು ನಿಮಿಷದಲ್ಲಿ ಅತ್ತ ಹೋಗುತ್ತವೆ.

9. ಹೊಟ್ಟೆಗೆ

ಮಜ್ಜಿಗೆ, ಪಾನಕ, ಮುರುಗಲು ಹಣ್ಣಿನ ಶರಬತ್ತು, ಮಸಾಲೆ ಮಂಡಕ್ಕಿ, ಕೋಸಂಬರಿ. ತಟ್ಟೆಗೆ ಅಡಿಕೆ ಹಾಳೆ. ಕಲಾವಿದರ ಊಟ ಮಾತ್ರ ಬೇರೆಯಾಗಿ, ಬಿಸಿಯಾಗಿ, ಅವರು ಕೇಳಿದ ಹೊತ್ತಿಗೆ. ಕೆಲವರು ಆಟಕ್ಕೆ ಮುಂಚೆ ಉಣ್ಣುವುದಿಲ್ಲ, ರಾತ್ರಿ ಹತ್ತಕ್ಕೆ ಹಸಿದಿರುತ್ತಾರೆ. ಆ ಹೊತ್ತಿಗೆ ಪಾತ್ರೆ ತಳ ಕಾಣಬಾರದು.

10. ಮುಗಿದ ಮೇಲೆ

ಸಂಭಾವನೆಯ ಕವರು ಅದೇ ರಾತ್ರಿ, ಬಣ್ಣ ತೆಗೆಯುವ ಮುಂಚೆ ಕೈಗೆ ಸೇರಬೇಕು. ಅದರ ಜೊತೆ ಬಸ್ಸಿನ ದುಡ್ಡು ಬೇರೆ. ತೀರ್ಥಹಳ್ಳಿ, ಸಾಗರದ ಕೊನೆಯ ಬಸ್ಸು ತಪ್ಪಿದವರನ್ನು ಮನೆಗೆ ಕರೆದುಕೊಂಡು ಹೋಗುವವರು ಯಾರು ಅಂತ ಹೆಸರು ಮೊದಲೇ ಬರೆದಿರಲಿ.

ಭಾನುವಾರ ಮಧ್ಯಾಹ್ನ ಇಡೀ ಮೈದಾನ ಗುಡಿಸಿ, ಹಾಳೆ ತಟ್ಟೆಗಳನ್ನು ಗೊಬ್ಬರದ ಗುಂಡಿಗೆ ಹಾಕಿ. ಗಳು ಕಿತ್ತ ಗುಂಡಿಗಳಿಗೆ ಮಣ್ಣು ತುಂಬಿ. ಬುಧವಾರದೊಳಗೆ ಜಮಾ-ಖರ್ಚಿನ ಹಾಳೆ ಪಾರ್ಕಿನ ಗೇಟಿಗೆ ಅಂಟಿಸಿ, ಮೂರು ತೆಂಗಿನಕಾಯಿ ಕೊಟ್ಟವರ ಹೆಸರೂ ಅದರಲ್ಲಿ ಇರಲಿ. ಆಮೇಲೆ ಸಾಲ ತಂದ ಪಾತ್ರೆ, ಗ್ಯಾಸು, ಏಣಿ ಪಟ್ಟಿ ನೋಡಿ ವಾಪಸ್ ಕೊಡಿ. ಜಮಖಾನಗಳನ್ನು ಒದ್ದೆ ಇರುವಾಗ ಮಡಚಬೇಡಿ. ಬಿಸಿಲು ಬಂದ ಬೆಳಿಗ್ಗೆ ಯಾರದ್ದಾದರೂ ತಾರಸಿಯ ಮೇಲೆ ಎರಡೂ ಬದಿ ಒಣಗಿಸಿ, ಒಣಬೇವಿನ ಸೊಪ್ಪು ಇಟ್ಟು ಸುತ್ತಿ. ಆ ನೋಟ್‌ಬುಕ್ಕನ್ನೂ ಅದರ ಜೊತೆಗೇ ಇಡಿ.